ಇರುವುದು ಎರಡೇ ಕಿವಿ

ಪಿಯುಸಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ಮನೆಯಲ್ಲಿ ಮಂಡಿಸುವ ಬೇಡಿಕೆಗಳ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ನಂತರದ ಸ್ಥಾನ ಈಗ ಹೆಡ್‌ಫೋನಿನದು. ‘ಅಪ್ಪಾ, ಗೇಮಿಂಗ್ ಹೆಡ್‌ಸೆಟ್ ಬೇಕು, ಸೆವೆನ್ ಪಾಯಿಂಟ್ ಒನ್ ಇರೋದು’ ಎನ್ನುತ್ತಾನೆ ಮಗ. ‘ಮನೇಲಿ ಎರಡು ಬಿದ್ದಿವೆಯಲ್ಲೋ, ಅವಕ್ಕೇನಾಗಿದೆ?’ ಎಂಬುದು ಅಪ್ಪನ ಪ್ರಶ್ನೆ. ಬಿದ್ದಿರುವ ಎರಡರಲ್ಲಿ ಒಂದರ ಎಡಭಾಗ ಮೂಕ, ಇನ್ನೊಂದರ ಮೈಕು ಮೂಕ. ಕೊನೆಗೆ ಅಮ್ಮನ ಮಧ್ಯಸ್ಥಿಕೆಯಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಗುತ್ತದೆ. ಆ ಎರಡು ಸಾವಿರ ಯಾವುದಕ್ಕೆ ಹೋಯಿತು ಎಂಬುದು ಅಪ್ಪನಿಗೂ ತಿಳಿಯುವುದಿಲ್ಲ, ಮಗನಿಗೂ ತಿಳಿಯುವುದಿಲ್ಲ. ತಿಳಿದಿರುವುದು ಪೆಟ್ಟಿಗೆಯ ಮೇಲಿನ ಅಕ್ಷರ ಬರೆಸಿದವನಿಗೆ ಮಾತ್ರ.

ಪೆಟ್ಟಿಗೆಯ ಬರಹಕ್ಕೆ ಮರುಳಾಗುವುದು ಹೊಸ ರೋಗವೇನಲ್ಲ. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಂಡವರಿಗೆ ‘ಪಿ.ಎಂ.ಪಿ.ಒ.’ ಎಂಬ ನಾಲ್ಕಕ್ಷರ ನೆನಪಿರಬಹುದು. ಅಂಗೈಯಗಲದ ಸ್ಪೀಕರಿನ ಪೆಟ್ಟಿಗೆಯ ಮೇಲೆ ನೂರಾರು ವ್ಯಾಟ್ ಎಂದು ಅಚ್ಚಾಗಿರುತ್ತಿತ್ತು. ಅದು ಕ್ಷಣಾರ್ಧದ, ಬಹುಪಾಲು ಕಾಗದದ ಮೇಲಿನ ಲೆಕ್ಕ. ಸತತವಾಗಿ ಹೊರಬರುತ್ತಿದ್ದುದು ಕೆಲವೇ ವ್ಯಾಟ್. ಆ ಅಕ್ಷರಗಳು ಮರೆಯಾದವು. ಅವುಗಳ ಜಾಗಕ್ಕೆ ‘7.1’, ‘50 ಎಂ.ಎಂ.’, ‘ಡೀಪ್ ಬಾಸ್’ ಬಂದು ಕೂತವು.

ಈ 7.1 ಎಂದರೇನೆಂದು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಹೆಚ್ಚಿನವರ ದುಡ್ಡು ಜಾರುವುದು ಇಲ್ಲೇ. ಸಿನಿಮಾ ಮಂದಿರದ ಮಾದರಿಯಲ್ಲಿ ಮನೆಯ ಹಾಲ್‌ನಲ್ಲಿ ಮುಂದೆ ಮೂರು, ಅಕ್ಕಪಕ್ಕ ಎರಡು, ಹಿಂದೆ ಎರಡು ಸ್ಪೀಕರುಗಳನ್ನಿಟ್ಟರೆ ಏಳು. ಗುಡುಗಿನಂಥ ಮಂದ್ರ ಸದ್ದಿಗೆ ಬೇರೊಂದು ಪೆಟ್ಟಿಗೆ, ಅದೇ ಆ ‘ಪಾಯಿಂಟ್ ಒಂದು’. ಹೆಡ್‌ಸೆಟ್‌ನಲ್ಲಿ ಇಷ್ಟನ್ನೆಲ್ಲ ತುರುಕಲು ಜಾಗವೆಲ್ಲಿದೆ? ಅಲ್ಲೊಂದು ಇಲ್ಲೊಂದು ಕಂಪನಿ ಪುಟ್ಟ ಪುಟ್ಟ ಸ್ಪೀಕರುಗಳನ್ನು ಜೋಡಿಸಿ ನೋಡಿದ್ದುಂಟು. ಅಂಗಡಿಯಲ್ಲಿ ಸಿಗುವ ಬಹುತೇಕ 7.1 ಹೆಡ್‌ಸೆಟ್‌ಗಳಲ್ಲಿ ಇರುವುದು ಕಿವಿಗೊಂದರಂತೆ ಎರಡೇ ಸ್ಪೀಕರ್. ಉಳಿದದ್ದು ಕಂಪ್ಯೂಟರಿನಲ್ಲಿ ನಡೆಯುವ ಲೆಕ್ಕಾಚಾರ.

ಆ ಲೆಕ್ಕಾಚಾರ ಬೊಗಳೆಯಲ್ಲ, ಅದರ ಹಿಂದೆ ಒಳ್ಳೆಯ ವಿಜ್ಞಾನವೇ ಇದೆ. ಬಲಗಡೆ ಚಪ್ಪಾಳೆ ತಟ್ಟಿದರೆ ಆ ಸದ್ದು ಬಲಗಿವಿಗೆ ಮೊದಲು, ಎಡಗಿವಿಗೆ ಆಮೇಲೆ ಮುಟ್ಟುತ್ತದೆ. ಈ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಮಿದುಳು ಅಷ್ಟನ್ನೇ ಹಿಡಿದು ದಿಕ್ಕು ಹೇಳುತ್ತದೆ. ಜತೆಗೆ ತಲೆ ಅಡ್ಡ ಬಂದು ಒಂದು ಕಿವಿಗೆ ಕೀಚಲು ಸದ್ದು ಮಂಕಾಗುತ್ತದೆ; ಹೊರಗಿವಿಯ ಮಡಿಕೆಗಳು ಮುಂದಿನಿಂದ ಬಂದ ಸದ್ದನ್ನು ಒಂದು ರೀತಿ, ಹಿಂದಿನಿಂದ ಬಂದದ್ದನ್ನು ಇನ್ನೊಂದು ರೀತಿ ತಿದ್ದುತ್ತವೆ. ಈ ವ್ಯತ್ಯಾಸಗಳನ್ನು ತಂತ್ರಾಂಶ ಅನುಕರಿಸಿದರೆ ಎರಡೇ ಸ್ಪೀಕರಿನಲ್ಲೂ ಬೆನ್ನ ಹಿಂದಿನ ಹೆಜ್ಜೆ ಬೆನ್ನ ಹಿಂದೆಯೇ ಕೇಳಿಸುತ್ತದೆ. ತೊಡಕು ಒಂದೇ. ಒಬ್ಬರ ಕಿವಿಯ ಮಡಿಕೆ ಇನ್ನೊಬ್ಬರಿಗಿಲ್ಲ. ತಂತ್ರಾಂಶ ಊಹಿಸಿಕೊಂಡದ್ದು ಸರಾಸರಿ ಕಿವಿಯನ್ನು. ಹಾಗಾಗಿ ಕೆಲವರಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಕೆಲವರಿಗೆ ಬಿಂದಿಗೆಯೊಳಗೆ ತಲೆ ಇಟ್ಟಂತಾಗುತ್ತದೆ.

ಅಪ್ಪಂದಿರಿಗೆ ಇಷ್ಟವಾಗುವ ಸಂಗತಿಯೊಂದು ಇಲ್ಲಿದೆ. ಈ ಲೆಕ್ಕಾಚಾರಕ್ಕೆ ಪ್ರತ್ಯೇಕ ದುಡ್ಡು ಕೊಡಬೇಕಿಲ್ಲ. 2017ರಿಂದ ವಿಂಡೋಸ್‌ನಲ್ಲೇ ‘ವಿಂಡೋಸ್ ಸೋನಿಕ್’ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ತನ್ನದೇ ವ್ಯವಸ್ಥೆಯನ್ನು ಸಾಧಾರಣ ಹೆಡ್‌ಫೋನಿಗೂ ಒದಗಿಸುತ್ತದೆ. ವ್ಯಾಲೊರಂಟ್‌ನಂಥ ಆಟದ ಸೆಟ್ಟಿಂಗ್ಸ್‌ನಲ್ಲಿಯೇ ಇದಕ್ಕೊಂದು ಗುಂಡಿ ಇದೆ. ಆಟದೊಳಗಿನದನ್ನೂ ಹೆಡ್‌ಸೆಟ್ಟಿನದನ್ನೂ ಒಟ್ಟಿಗೆ ಚಾಲೂ ಮಾಡಿದರೆ ಎರಡು ಸಲ ಒಗ್ಗರಣೆ ಹಾಕಿದ ಸಾರಿನಂತೆ ಎಲ್ಲವೂ ಕೆಡುತ್ತದೆ. ಎರಡು ಚಾನೆಲ್ಲಿನ ಒಂದು ಒಳ್ಳೆಯ ಹೆಡ್‌ಫೋನ್ ಸಾಕು ಎಂದು ಬಲ್ಲವರು ಹೇಳುವುದು ಇದಕ್ಕೇ.

ಹಾಗೆ ನೋಡಿದರೆ ಹೆಡ್‌ಫೋನ್ ಬಹಳ ಹಳೆಯ ಸಾಮಾನು. ಅಮೆರಿಕದ ಯೂಟಾ ರಾಜ್ಯದ ನಥಾನಿಯೆಲ್ ಬಾಲ್ಡ್‌ವಿನ್ ತನ್ನ ಅಡುಗೆಮನೆಯಲ್ಲಿ ಕೂತು ಮಾಡಿದ ಜೋಡಿಯನ್ನು 1910ರಲ್ಲಿ ಅಲ್ಲಿನ ನೌಕಾಪಡೆ ತರಿಸಿಕೊಂಡಿತ್ತು. ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ತಂದದ್ದು 1958ರಲ್ಲಿ, ಮಿಲ್ವಾಕಿಯ ಜಾನ್ ಕಾಸ್. ಆತನ ಕಂಪನಿ 1984ರಲ್ಲಿ ಹೊರತಂದ ಪೋರ್ಟಾ ಪ್ರೊ ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಸೋನಿಯ ಎಂಡಿಆರ್-7506 ಬಂದದ್ದು 1991ರಲ್ಲಿ. ಅದೂ ಇನ್ನೂ ಧ್ವನಿಮುದ್ರಣ ಕೋಣೆಗಳಲ್ಲಿ ದುಡಿಯುತ್ತಿದೆ. ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ತೆಳುಪೊರೆ: ಒಳಗಿನ ಯಂತ್ರ ಇಷ್ಟೇ. ಮೂವತ್ತು ನಲವತ್ತು ವರ್ಷಗಳ ಹಿಂದಿನ ಮಾದರಿ ಇನ್ನೂ ಬೇಡಿಕೆಯಲ್ಲಿ ಉಳಿದಿದೆಯೆಂದರೆ, ಪ್ರತಿ ವರ್ಷ ಬರುವ ‘ಹೊಸ ಪೀಳಿಗೆ’ಯ ಮಾತನ್ನು ಎಷ್ಟು ನಂಬಬೇಕೆಂದು ಊಹಿಸಬಹುದು.

ಬೆಲೆ ಹೆಚ್ಚಾದಂತೆ ನಾದ ಹೆಚ್ಚುತ್ತದೆಯೇ? ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ 283 ಹೆಡ್‌ಫೋನುಗಳನ್ನು ಅಳೆದು ನೋಡಿದ್ದರು. ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಗಟ್ಟಿಯಾಗಿ ಬರುತ್ತದೆ ಎಂಬ ಗುಣಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಂಡುಬರಲಿಲ್ಲ. ದುಬಾರಿಯದು ಗಟ್ಟಿಮುಟ್ಟಾಗಿರಬಹುದು, ಮೆತ್ತೆ ಹಿತವಾಗಿರಬಹುದು, ಸುತ್ತಲಿನ ಗದ್ದಲ ಅಳಿಸುವ ವ್ಯವಸ್ಥೆ ಇರಬಹುದು. ಅದಕ್ಕೆಲ್ಲ ಬೆಲೆ ಉಂಟು. ನಾದಕ್ಕೆ ಮಾತ್ರ ಬೆಲೆಯ ಚೀಟಿ ಸಾಕ್ಷಿಯಲ್ಲ.

‘ಗೇಮಿಂಗ್’ ಎಂಬ ಪದದ ಕಥೆಯೂ ಹೀಗೇ. 2014ರಲ್ಲಿ ಬಂದು ಹೆಸರು ಮಾಡಿದ ಹೈಪರ್‌ಎಕ್ಸ್ ಕ್ಲೌಡ್ ಹೆಡ್‌ಸೆಟ್ಟಿನ ಮೂಲ, ಟಾಕ್‌ಸ್ಟಾರ್ ಎಂಬ ಚೀನಾ ಕಂಪನಿಯ ಪ್ರೊ 80 ಎಂಬ ಹೆಡ್‌ಫೋನ್. ಅದು ತಯಾರಾದದ್ದು ಸಂಗೀತದ ಕೆಲಸಕ್ಕೆ. ಮೈಕು, ಬಣ್ಣ, ಹೆಸರು ಸೇರಿ ಅದು ಆಟದ ಸಾಮಾನಾಯಿತು, ಒಳ್ಳೆಯದೇ ಆಯಿತು. ಸಂಗೀತಕ್ಕೆ ಒಳ್ಳೆಯದಾದದ್ದು ಆಟಕ್ಕೂ ಒಳ್ಳೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇದರ ವಿರುದ್ಧ ದಿಕ್ಕು ಮಾತ್ರ ಸದಾ ನಿಜವಲ್ಲ. ಬಣ್ಣದ ದೀಪಗಳ ಹೆಡ್‌ಸೆಟ್ಟುಗಳಲ್ಲಿ ಎಷ್ಟೋ ಬಾಂಬ್ ಸಿಡಿತಕ್ಕೆ ಹೊಂದಿಸಿದಂಥವು. ಮಂದ್ರದ ಅಬ್ಬರ ವಿಪರೀತ. ದಪ್ಪ ಸದ್ದು ತೆಳು ಸದ್ದನ್ನು ನುಂಗುವುದು ಕಿವಿಯ ಸ್ವಭಾವ. ಎದುರಾಳಿಯ ಕಾಲಸಪ್ಪಳ ಕೇಳಲೆಂದು ಕೊಂಡದ್ದೇ ಆ ಸಪ್ಪಳವನ್ನು ಮುಚ್ಚಿಹಾಕುತ್ತದೆ!

ಉಳಿದ ಅಂಕಿಗಳ ವಿಚಾರ ಬೇಗ ಮುಗಿಯುತ್ತದೆ. 50 ಎಂ.ಎಂ. ಎಂಬುದು ಪೊರೆಯ ಅಗಲ. ಮೇಲೆ ಹೇಳಿದ ಸೋನಿಯದು 40 ಮಾತ್ರ. ‘10ರಿಂದ 40,000 ಹರ್ಟ್ಸ್’ ಎಂದು ಬರೆದಿದ್ದರೆ ಅದರ ಪೂರ್ಣ ಲಾಭ ಮನೆಯ ನಾಯಿಗೆ, ಮನುಷ್ಯನ ಕಿವಿ ಹೆಚ್ಚೆಂದರೆ 20,000ದವರೆಗೆ. ನೋಡಬೇಕಾದದ್ದು ಓಮ್ ಎಂಬ ಅಂಕಿ. 16, 32 ಓಮ್ ಇದ್ದರೆ ಸಾಧಾರಣ ಮೊಬೈಲಿನಲ್ಲೂ ಸಲೀಸಾಗಿ ಹಾಡುತ್ತದೆ. 250 ಓಮಿನದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುತ್ತದೆ, ಅದು ಎರಡು ಸಾವಿರದ ಮಾತಲ್ಲ.

ತಂತಿ ಬೇಕೇ, ಬೇಡವೇ? ಹಾಡಿಗೆ, ಸಿನಿಮಾಕ್ಕೆ ಬ್ಲೂಟೂತ್ ಆದೀತು. ಆಟಕ್ಕೆ ಕಷ್ಟ. ಬ್ಲೂಟೂತಿನಲ್ಲಿ ಸದ್ದು ಕಟ್ಟುಕಟ್ಟಾಗಿ ಸಾಗಿ ಮತ್ತೆ ಬಿಚ್ಚಿಕೊಳ್ಳಬೇಕು; ಈ ಕೆಲಸಕ್ಕೆ ನೂರರಿಂದ ಇನ್ನೂರು ಮಿಲಿಸೆಕೆಂಡ್ ಹಿಡಿಯುವುದು ಸಾಮಾನ್ಯ. ಗಾಳಿಯಲ್ಲಿ ಸದ್ದು ಇನ್ನೂರು ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ 70 ಮೀಟರ್ ಸಾಗುತ್ತದೆ. ಅಂದರೆ ಪಕ್ಕದಲ್ಲೇ ನಿಂತವನ ಗುಂಡಿನ ಸದ್ದು ಬೀದಿಯ ತುದಿಯಿಂದ ಬಂದಷ್ಟು ತಡ. ಸಿನಿಮಾದಲ್ಲಿ ಈ ತಡ ಗೊತ್ತಾಗದಿರಲು ಕಾರಣ, ಆ್ಯಪ್ ಚಿತ್ರವನ್ನೂ ಅಷ್ಟೇ ಹಿಂದಿಡುತ್ತದೆ. ಆಟದಲ್ಲಿ ಚಿತ್ರವನ್ನು ತಡೆದು ನಿಲ್ಲಿಸಲಾಗದು. ಇನ್ನೊಂದು ಗುಟ್ಟನ್ನು ಅಂಗಡಿಯವರು ಹೇಳುವುದೇ ಇಲ್ಲ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕು ಚಾಲೂ ಆದೊಡನೆ ಸಾಮಾನ್ಯವಾಗಿ ಅದು ಫೋನ್ ಕರೆಯ ವಿಧಾನಕ್ಕೆ ಹೊರಳುತ್ತದೆ. ಅಷ್ಟು ಹೊತ್ತೂ ಸೊಗಸಾಗಿದ್ದ ಸದ್ದು ಹಳೆಯ ಟ್ರಂಕ್ ಕಾಲ್‌ನಂತಾಗುತ್ತದೆ. ಸಣ್ಣ ಯುಎಸ್‌ಬಿ ಗುಬುಟಿನೊಂದಿಗೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ಟುಗಳಿಗೆ ಈ ಎರಡೂ ತೊಂದರೆ ಕಡಿಮೆ, ಬೆಲೆ ಜಾಸ್ತಿ. ಅದಲ್ಲದೆ ಕಿವಿಯೊಳಗೆ ಕೂರುವ ಬಟಾಣಿಯಂಥವುಗಳಲ್ಲಿ ಬ್ಯಾಟರಿ ಸತ್ತ ದಿನ ಹೆಡ್‌ಫೋನೂ ಸತ್ತಂತೆ, ಬದಲಾಯಿಸಲು ಆಗುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಹೆಚ್ಚು ನಾದ, ಹೆಚ್ಚು ಆಯುಷ್ಯ ಬೇಕೆಂದರೆ ತಂತಿಯದೇ ಸರಿ. ಮೊಬೈಲಿನಲ್ಲಿ ತೂತಿಲ್ಲದಿದ್ದರೆ ಟೈಪ್-ಸಿ ತುಂಡೊಂದು ಸಿಗುತ್ತದೆ. ಡೆಸ್ಕ್‌ಟಾಪಿನಲ್ಲಿ ಮೈಕಿಗೂ ಸ್ಪೀಕರಿಗೂ ಬೇರೆ ಬೇರೆ ತೂತಿದ್ದರೆ ಕವಲು ತಂತಿ ಬೇಕೆಂಬುದನ್ನು ಕೊಳ್ಳುವಾಗಲೇ ನೆನಪಿಟ್ಟರೆ ಎರಡನೇ ಸಲದ ಬಸ್ ಚಾರ್ಜು ಉಳಿಯುತ್ತದೆ.

ಇನ್ನು ಮುಚ್ಚಿದ್ದೋ, ತೆರೆದದ್ದೋ ಎಂಬ ಪ್ರಶ್ನೆ. ಹಿಂಬದಿ ಜಾಲರಿಯಿರುವ ತೆರೆದ ಹೆಡ್‌ಫೋನಿನಲ್ಲಿ ಸಂಗೀತ ವಿಶಾಲವಾಗಿ ಹರಡಿಕೊಳ್ಳುತ್ತದೆ, ಕಿವಿ ಬೆವರುವುದಿಲ್ಲ, ಅಡುಗೆಮನೆಯಿಂದ ಅಮ್ಮ ಕೂಗಿದ್ದೂ ಕೇಳುತ್ತದೆ. ಹಾಸ್ಟೆಲಿನಲ್ಲಿ ಅದನ್ನು ಹಾಕಿದರೆ ಪಕ್ಕದ ಮಂಚದವನೂ ಅದೇ ಹಾಡು ಕೇಳಬೇಕಾಗುತ್ತದೆ. ಅಲ್ಲಿಗೆ ಮುಚ್ಚಿದ್ದೇ ಸೈ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಕೃತಕ ಚರ್ಮದ ಮೆತ್ತೆ ಬೇಗ ಸಿಪ್ಪೆ ಏಳುತ್ತದೆ. ಬಟ್ಟೆಯ ಮೆತ್ತೆ ಇದ್ದರೆ ಒಳ್ಳೆಯದು, ಮೆತ್ತೆ ಬೇರೆಯಾಗಿ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಪರೀಕ್ಷಿಸಲು ಅವಕಾಶವಿದ್ದರೆ ಅಂಗಡಿಯವನು ಹಾಕುವ ಹಾಡು ಬೇಡ. ಅದು ಎಂಥ ಡಬ್ಬದಲ್ಲೂ ಗುಡುಗುವಂಥದ್ದೇ ಆಗಿರುತ್ತದೆ. ನೂರು ಸಲ ಕೇಳಿ ಬಾಯಿಪಾಠವಾದ ಒಂದು ಹಾಡನ್ನು, ಸಾಧ್ಯವಾದರೆ ಒಂದು ಕರ್ನಾಟಕ ಸಂಗೀತ ಕಛೇರಿಯನ್ನು ಕೇಳಬೇಕು. ಹಿಂದೆ ತಂಬೂರಿಯ ಶ್ರುತಿ ಎಳೆಎಳೆಯಾಗಿ ಉಳಿದಿದೆಯೇ? ಮೃದಂಗದ ಎಡಗೈ ಗುಮಕಿ ಗಾಯಕರ ಧ್ವನಿಯ ಮೇಲೆ ಹರಿಯದೆ ತನ್ನ ಜಾಗದಲ್ಲಿ ನಿಂತಿದೆಯೇ? ಪಿಟೀಲು ಮೇಲುಸ್ಥಾಯಿಗೆ ಹೋದಾಗ ಕಿವಿ ಚುಚ್ಚುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಕು. ಹಾಕಿಕೊಂಡು ಹತ್ತು ನಿಮಿಷವಾದರೂ ಇರಬೇಕು, ಕನ್ನಡಕದವರಂತೂ ಕನ್ನಡಕದ ಸಮೇತ. ಬೆಂಗಳೂರಿನ ಎಸ್.ಪಿ. ರಸ್ತೆಯ ಜನಜಂಗುಳಿಯಲ್ಲಿ ಇಷ್ಟು ಪುರುಸೊತ್ತು ಕೊಡುವ ಅಂಗಡಿ ಅಪರೂಪ, ಇಲ್ಲವೇ ಇಲ್ಲವೆಂದಲ್ಲ.

ಕೊಳ್ಳುವ ಮಾತು ಇಷ್ಟು. ಆದರೆ ಎರಡು ಸಾವಿರ ಹೋದರೆ ಮತ್ತೆ ಗಳಿಸಬಹುದಾದದ್ದು. ಕಿವಿಯೊಳಗೆ ಶಂಖದಾಕಾರದ ಅಂಗದಲ್ಲಿರುವ ಕೂದಲುಕೋಶಗಳು ಹಾಗಲ್ಲ. ಹುಟ್ಟುವಾಗ ಒಂದೊಂದು ಕಿವಿಗೆ ಹದಿನೈದು ಸಾವಿರದ ಆಸುಪಾಸು ಇರುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ನೋವೂ ಇಲ್ಲದಿರುವುದರಿಂದ ಸತ್ತದ್ದು ಗೊತ್ತೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 90ಕ್ಕೆ ಬರುವಷ್ಟರಲ್ಲಿ ಉಳಿಯುವುದು ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ ಅದೇ 40 ಗಂಟೆಯ ಮಿತಿ 75 ಡೆಸಿಬೆಲ್‌ಗೆ. ಶನಿವಾರ ಒಂದೇ ರಾತ್ರಿಯಲ್ಲಿ ನಾಲ್ಕು ಗಂಟೆ ಆಡುವ ಹುಡುಗರು ಎಷ್ಟಿಲ್ಲ?

ಹೆಡ್‌ಫೋನಿನ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. ಸಿಟಿ ಬಸ್ಸಿನಲ್ಲಿ ಸಡಿಲವಾದ ಇಯರ್‌ಫೋನ್ ಹಾಕಿದವನು ಎಂಜಿನ್ನಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾನೆ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ, ಬಿಗಿಯಾಗಿ ಮುಚ್ಚುವ ಮೆತ್ತೆ ಇದ್ದರೆ ಹೊರಗಿನ ಸದ್ದು ತಗ್ಗುತ್ತದೆ, ಏರಿಸುವ ಅಗತ್ಯವೇ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ಮೂರು ಅಳತೆಯ ರಬ್ಬರ್ ತುದಿಗಳನ್ನು ಕೊಟ್ಟಿರುವುದು ಇದಕ್ಕಾಗಿಯೇ. ಬಹುತೇಕರ ಮನೆಯಲ್ಲಿ ಅವು ಪ್ಲಾಸ್ಟಿಕ್ ಚೀಟಿಯಿಂದ ಹೊರಗೇ ಬಂದಿರುವುದಿಲ್ಲ. ರಸ್ತೆ ದಾಟುವಾಗ ಮಾತ್ರ ಇದನ್ನೆಲ್ಲ ತೆಗೆದು ಕಿಸೆಗೆ ಹಾಕಬೇಕು. ವಾಲ್ಯೂಮ್ ನೂರಕ್ಕೆ ಅರವತ್ತು ಮೀರದಿರುವುದು ಸರಳ ಅಳತೆ. ಆಟ ಮುಗಿಸಿ ಮಲಗಿದಾಗ ಕಿವಿಯಲ್ಲಿ ‘ಗುಯ್’ ಎನ್ನುತ್ತಿದ್ದರೆ ಆ ದಿನದ ಪಾಲು ಮೀರಿದೆ ಎಂದರ್ಥ. ಮರುದಿನವೂ ನಿಲ್ಲದಿದ್ದರೆ ಕಿವಿಯ ವೈದ್ಯರಿಗೆ ತೋರಿಸುವುದನ್ನು ಪರೀಕ್ಷೆ ಮುಗಿಯಲಿ ಎಂದು ಮುಂದೂಡಬಾರದು.

ಬಿಲ್ಲು ತಪ್ಪದೆ ಪಡೆಯಬೇಕು. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ ಪೆಟ್ಟಿಗೆಯ ಮೇಲೆ ಇರಲೇಬೇಕು. ತಂತಿರಹಿತ ಹೆಡ್‌ಫೋನಿಗೆ ಬಿಐಎಸ್ ನೋಂದಣಿಯ ಗುರುತೂ ಕಡ್ಡಾಯ. ವಾರಂಟಿಯ ಅವಧಿಯಲ್ಲಿ ಕೆಟ್ಟು, ಅಂಗಡಿಯವರು ಕಂಪನಿಯತ್ತ, ಕಂಪನಿಯವರು ಅಂಗಡಿಯತ್ತ ಕೈ ತೋರಿಸತೊಡಗಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹೊಸದು ಕೊಳ್ಳುವ ಮೊದಲು ಮೂಲೆಯಲ್ಲಿ ಬಿದ್ದಿರುವ ಆ ಎಡಭಾಗ ಮೂಕವಾದದ್ದನ್ನೂ ಒಮ್ಮೆ ನೋಡಬಹುದು. ಜ್ಯಾಕಿನ ಬುಡದಲ್ಲಿ ತಂತಿ ಮಡಚಿ ಮಡಚಿ ಒಳಗೇ ತುಂಡಾಗಿರುವುದು ಸಾಮಾನ್ಯ. ಅಲ್ಲಿ ಹಿಡಿದು ತುಸು ಅಲುಗಿಸಿದಾಗ ಸದ್ದು ಬಂದು ಹೋದರೆ ಸ್ಪೀಕರ್ ಬದುಕಿದೆ ಎಂದೇ ಲೆಕ್ಕ. ಹೊಸ ಜ್ಯಾಕ್ ಹಾಕಿ ಸೋಲ್ಡರ್ ಮಾಡಿಕೊಡುವ ರೇಡಿಯೊ ರಿಪೇರಿಯವರು ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಉಳಿದಿದ್ದಾರೆ.