ಸೋತ ತಂಡಕ್ಕೆ ಬಂದ ಹೊಸ ಗುರು

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಆಟದ ವಿಚಾರವನ್ನು ಎತ್ತಿದರೆ ನಮ್ಮ ವಾಚಕರಲ್ಲಿ ಕೆಲವರು, “ಮಾಸ್ತರರು ಮುದಿತನದಲ್ಲಿ ಮೈದಾನಕ್ಕೆ ಇಳಿದರೇ?” ಎಂದು ನಗಬಹುದು. ನಗಲಿ. ಆದರೆ ಇಂದು ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅಜ್ಜನೂ ಮೊಮ್ಮಕ್ಕಳೂ ಟೀವಿಯ ಮುಂದೆ ಕೂಡಿ ಕುಳಿತು ಕಬಡ್ಡಿಯನ್ನು ನೋಡುವರು. ನಮ್ಮ ಕಿಣ್ಣಿ ಸುಲ್ತಾನದ ಸುತ್ತಣ ಹಳ್ಳಿಗಳಿಗಾಗಲಿ, ಅಫಜಲಪುರ ಜೇವರ್ಗಿಗಳ ಭೀಮಾತೀರದ ಹಳ್ಳಿಗಳಿಗಾಗಲಿ ಈ ಆಟವು ಹೊಸದಲ್ಲ. ಮರಾಠಿ ಸೀಮೆಯವರು ಹುತುತು ಎಂದರು, ತಮಿಳರು ಸಡುಗುಡು ಎಂದರು. ಹೆಸರು ಯಾವುದಾದರೇನು, ಗೆರೆ ಎಳೆಯಲು ಒಂದಿಷ್ಟು ನೆಲ, ಎದೆಯಲ್ಲಿ ಒಂದಿಷ್ಟು ಉಸಿರು ಇದ್ದರೆ ಆಟವು ಸಾಗುವದು.

ಆಟವೆಂದ ಮೇಲೆ ಸೋಲು ಉಂಟು. ಆದರೆ ಸೋಲು ಒಂದೇ ತಂಡದ ಬೆನ್ನು ಹತ್ತಿತೆಂದರೆ ಅದು ಆಟದ ಮಾತಾಗಿ ಉಳಿಯುವದಿಲ್ಲ, ಮನೆಯ ಮಾತಾಗುವದು. ತಂದೆಯು “ಆಟ ಸಾಕು, ತೊಗರಿಯ ಹೊಲಕ್ಕೆ ನಡೆ” ಎನ್ನುವನು. ಊರ ಹಿರಿಯರು ಆಟ ಕಲಿಸುವವನನ್ನು ಬದಲಿಸಬೇಕೆನ್ನುವರು. ಹೊಸಬನೊಬ್ಬನು ಬರುವನು. ಇಂದಿನವರು ಅವನನ್ನು ಕೋಚ್ ಎನ್ನುವರು, ನಾವು ಗುರುವೆನ್ನುವೆವು. ಬಂದವನು ಏನು ಮಾಡಬಲ್ಲನು? ಅವನು ತನ್ನ ಕೆಲಸವನ್ನು ಮಾಡುವಾಗ ಮನೆಯಲ್ಲಿ ಕುಳಿತ ನಾವು ಮಾಡಬೇಕಾದುದೇನು? ಈ ತಿಂಗಳು ಇದನ್ನು ವಿಚಾರಿಸೋಣ.

ದೃಷ್ಟಾಂತಕ್ಕಾಗಿ ನಮ್ಮ ನಾಡನ್ನು ಬಿಟ್ಟು ಹೋಗಬೇಕಾಗಿಲ್ಲ. ಪ್ರೊ ಕಬಡ್ಡಿ ಲೀಗು 2014ರಲ್ಲಿ ಆರಂಭವಾದಂದಿನಿಂದ ಬೆಂಗಳೂರು ಬುಲ್ಸ್ ಎಂಬ ತಂಡವು ಅದರಲ್ಲಿ ಆಡುತ್ತ ಬಂದಿದೆ. ಮೊದಲಿನಿಂದ ಹನ್ನೊಂದು ಋತುಗಳವರೆಗೆ ರಣಧೀರ ಸಿಂಗ್ ಸೆಹರಾವತ್ ಎಂಬವರು ಅದಕ್ಕೆ ಗುರುಗಳಾಗಿದ್ದರು. ಅವರ ಕಾಲದಲ್ಲಿ ತಂಡವು ಮೇಲಕ್ಕೇರಿದುದೂ ಉಂಟು. 2019ರ ಜನವರಿ 5ರಂದು ಗುಜರಾತದ ತಂಡವನ್ನು 38-33ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಆದರೆ 2024ರ ಋತುವಿನಲ್ಲಿ ಅದಕ್ಕೆ ಬಂದ ದುರವಸ್ಥೆಯು ದೊಡ್ಡದು. ಆಡಿದ ಪಂದ್ಯಗಳು 22. ಗೆದ್ದವು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ನಾಯಕನು ಸಾಮಾನ್ಯನೇ? ಅಲ್ಲ. ದಾಳಿಯಿಂದ ಅಂಕ ಗಳಿಸುವದರಲ್ಲಿ ಆ ದಿನದವರೆಗೆ ಲೀಗಿನಲ್ಲಿ ಎಲ್ಲರನ್ನೂ ಮೀರಿಸಿದ್ದ ಪ್ರದೀಪ ನರ್ವಾಲ್. ಒಬ್ಬ ಹೆಸರಾಂತವನು ಇದ್ದ ಮಾತ್ರಕ್ಕೆ ಏಳು ಮಂದಿಯ ತಂಡವು ಉಳಿಯಲಾರದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮರುವರುಷ, ಎಂದರೆ 2025ರಲ್ಲಿ, ಕನ್ನಡಿಗರೇ ಆದ ಬಿ. ಸಿ. ರಮೇಶರು ಗುರುಗಳಾಗಿ ಬಂದರು. ಬಂದ ಕೂಡಲೆ ತಂಡವು ಗೆದ್ದಿತೆಂದು ವಾಚಕರು ತಿಳಿಯಬಾರದು. ಮೊದಲ ಮೂರು ಪಂದ್ಯಗಳೂ ಕೈ ತಪ್ಪಿದವು. ಆದರೂ ಮೊದಲ ಸುತ್ತಿನ 18 ಪಂದ್ಯಗಳು ಮುಗಿಯುವ ಹೊತ್ತಿಗೆ 11 ಗೆಲುವುಗಳು ಕೂಡಿದ್ದವು; ಕಡೆಯಲ್ಲಿದ್ದ ತಂಡವು ಮೂರನೆಯ ಸ್ಥಾನಕ್ಕೆ ಬಂದಿತ್ತು. ಮುಂದಿನ ಸುತ್ತಿನಲ್ಲಿ ಸೋತುದರಿಂದ ಪ್ರಶಸ್ತಿಯು ದೊರೆಯಲಿಲ್ಲವೆಂಬದು ನಿಜ. ಆದರೆ ತಲೆ ತಗ್ಗಿಸಿದ್ದ ತಂಡವು ಒಂದೇ ವರುಷದಲ್ಲಿ ತಲೆಯೆತ್ತಿತೆಂಬದೂ ಅಷ್ಟೇ ನಿಜ.

ರಮೇಶರು ಸ್ವತಃ ಆಡಿ ಹೆಸರಾದವರು. 2001ನೆಯ ಸಾಲಿನ ಅರ್ಜುನ ಪ್ರಶಸ್ತಿಯನ್ನು ಪಡೆದವರು. ಕಲಿಸುವವರಾಗಿ 2019ರಲ್ಲಿ ಬಂಗಾಲದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಪ್ರಶಸ್ತಿಯನ್ನು ದೊರಕಿಸಿದವರು. ಈ ಎರಡು ಗುಣಗಳು ಒಬ್ಬರಲ್ಲಿಯೇ ಕೂಡುವದು ವಿರಳ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ‘ನಾನು ಹೆಚ್ಚು, ನೀನು ಹೆಚ್ಚು’ ಎಂಬ ಜಗಳವು ಹತ್ತಿದಾಗ, ಅವರನ್ನೇ ಕುಣಿಸಿ ನೋಡಲಿಲ್ಲ. ಅವರ ಶಿಷ್ಯೆಯರಿಂದ ಅಭಿನಯ ಮಾಡಿಸಿ ಗುರುವನ್ನು ಅಳೆಯಬೇಕೆಂದು ನಿರ್ಣಯವಾಯಿತು. ತಾನು ಬಲ್ಲವನಾಗುವದು ಬೇರೆ, ಬಲ್ಲುದನ್ನು ಇನ್ನೊಬ್ಬರ ಮೈಗೆ ಹತ್ತಿಸುವದು ಬೇರೆ ಎಂಬದನ್ನು ಆ ಕವಿಯು ಅಂದೇ ಕಂಡಿದ್ದನು. ಊರಿನ ತಂಡಕ್ಕೆ ಗುರುವನ್ನು ಆರಿಸುವವರು, ‘ಇವನು ಹಿಂದೆ ಎಷ್ಟು ಬಹುಮಾನ ಗೆದ್ದನು’ ಎಂದಷ್ಟೇ ಕೇಳದೆ, ‘ಇವನ ಕೈಯಲ್ಲಿ ಕಲಿತವರು ಹೇಗಿರುವರು’ ಎಂದು ಮೊದಲು ವಿಚಾರಿಸತಕ್ಕದ್ದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬೆಂಗಳೂರಿನ ತಂಡಕ್ಕೆ ಹರಾಜಿನಲ್ಲಿ ಹೊಸ ಆಟಗಾರರು ದೊರೆತರು. ಇರಾನ ದೇಶದಿಂದ ಅಲಿರೇಜಾ ಮಿರ್ಜಾಯಿಯಾನ್ ಎಂಬ ಸಮರ್ಥನು ಬಂದನು. ಹಳ್ಳಿಯ ಶಾಲೆಗೆ ಇಂಥವರು ಎಲ್ಲಿಂದ ಬರಬೇಕು? ಆಕ್ಷೇಪವು ಸರಿಯಾದುದೇ. ನಮ್ಮ ಗುರುವು ಇದ್ದ ಹುಡುಗರನ್ನೇ ತಿದ್ದಬೇಕು. ಹಾಗಾದರೆ ಅವನು ಎಲ್ಲಿ ಕೈಯಿಡಬೇಕು? ಇದನ್ನು ತಿಳಿಯಲು ಆಟದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಆಟವನ್ನು ಬಲ್ಲ ವಾಚಕರು ಕ್ಷಮಿಸಲಿ; ನಮ್ಮ ತಾಯಂದಿರಿಗಾಗಿ ಬಿಡಿಸಿ ಹೇಳುವೆವು.

ಒಂದೊಂದು ಕಡೆಗೆ ಏಳು ಮಂದಿ. ಎದುರಾಳಿಗಳಲ್ಲಿ ಒಬ್ಬನು ದಾಳಿಗೆ ಬರುವನು. ಅವನಿಗಿರುವ ಕಾಲ 30 ಸೆಕೆಂಡು. ಅವನನ್ನು ಹಿಡಿಯುವೆನೆಂದು ಒಬ್ಬ ಹುಡುಗನು ದುಡುಕಿ ಮುಂದೆ ಜಿಗಿದನೆನ್ನಿರಿ. ಬಂದವನು ಅವನನ್ನು ಮುಟ್ಟಿ ಗೆರೆ ದಾಟಿ ಹೋದನು. ಆಗ ಎದುರಾಳಿಗಳಿಗೆ ಒಂದು ಅಂಕ ದೊರೆಯಿತು; ನಮ್ಮ ಹುಡುಗನು ಹೊರಗೆ ಹೋಗಬೇಕಾಯಿತು; ಅವರ ಕಡೆಯಲ್ಲಿ ಮೊದಲು ಹೊರಗೆ ಕುಳಿತಿದ್ದ ಒಬ್ಬನು ಎದ್ದು ಒಳಗೆ ಬಂದನು. ಒಂದು ದುಡುಕಿಗೆ ಮೂರು ನಷ್ಟ! ಉಳಿದ ಆರು ಮಂದಿಯು ಅಷ್ಟೇ ಅಂಕಣವನ್ನು ಕಾಯಬೇಕು. ಆರು ಐದಾಗುವದು, ಐದು ನಾಲ್ಕಾಗುವದು. ಕಡೆಗೆ ಎಲ್ಲರೂ ಹೊರಬಿದ್ದರೆ ಎದುರಾಳಿಗಳಿಗೆ ಮತ್ತೆರಡು ಅಂಕಗಳು. ಸೋಲುವ ತಂಡವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವದು.

ಈ ದುಡುಕು ಎಲ್ಲಿಂದ ಬರುವದು? ಹೆಚ್ಚಾಗಿ ಶಕ್ತಿಯ ಕೊರತೆಯಿಂದಲ್ಲ, ನಂಬಿಕೆಯ ಕೊರತೆಯಿಂದ. ಸೋತು ಸೋತು ನೊಂದ ಹುಡುಗನು, ‘ಪಕ್ಕದವನು ಬರುವನೋ ಇಲ್ಲವೋ, ನಾನೊಬ್ಬನೇ ಮಾಡಿ ಮುಗಿಸುವೆನು’ ಎಂದು ಜಿಗಿಯುವನು. ಪಕ್ಕದವನು, ‘ಇವನು ಹೇಗೂ ಬೀಳುವನು, ನಾನೇಕೆ ಸಿಕ್ಕಿಕೊಳ್ಳಲಿ’ ಎಂದು ಹಿಂದೆ ಸರಿಯುವನು. ಆದುದರಿಂದ ಹೊಸ ಗುರುವಿನ ಮೊದಲ ಕೆಲಸವು ಹೊಸ ಪಟ್ಟುಗಳನ್ನು ಕಲಿಸುವದಲ್ಲ, ಹಿಡಿಯುವವರನ್ನು ಜೊತೆಗೂಡಿಸುವದು. ಮೂಲೆಯವನು ಕಾಲನ್ನು ಹಿಡಿದ ಕ್ಷಣವೇ ಪಕ್ಕದವನು ಸೊಂಟಕ್ಕೆ ಬರುವನೆಂಬ ಭರವಸೆಯು ಮಾತಿನಿಂದ ಹುಟ್ಟದು. ಅದೇ ಇಬ್ಬರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ದಿನಕ್ಕೆ ನೂರು ಸಲ ಅದನ್ನೇ ಮಾಡಿಸಿದರೆ ಹುಟ್ಟುವದು. ವೇದಪಾಠದಲ್ಲಿ ಎರಡೆರಡು ಪದಗಳನ್ನು ಜೋಡಿಸಿ ಮತ್ತೆ ಮತ್ತೆ ಹೇಳಿಸುವ ಕ್ರಮವನ್ನು ಬಲ್ಲವರಿಗೆ ಇದರ ಮರ್ಮವು ಬೇಗನೆ ತಿಳಿಯುವದು. 2025ರ ಬೆಂಗಳೂರಿನ ತಂಡದಲ್ಲಿಯೂ ಯೋಗೇಶ ದಹಿಯಾ, ದೀಪಕ ಶಂಕರ ಎಂಬ ತರುಣರು ಎರಡು ಮೂಲೆಗಳನ್ನು ಕಾಯ್ದುಕೊಂಡುದೇ ದಾಳಿಗೆ ಹೋಗುವವರಿಗೆ ಬೆನ್ನಾಸರೆಯಾಯಿತು.

ಇನ್ನೊಂದು ನಿಯಮವನ್ನು ನೊಂದ ಹುಡುಗರಿಗೆ ಗುರುವು ವಿಶೇಷವಾಗಿ ತಿಳಿಸಿಕೊಡಬೇಕು. ಅಂಕಣದಲ್ಲಿ ಮೂವರೇ ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕಗಳು ದೊರೆಯುವವು. ಆಟವನ್ನು ನಿಯಮಿಸಿದವರೇ ಕಷ್ಟದಲ್ಲಿ ನಿಂತವನಿಗೆ ಹೆಚ್ಚಿನ ಫಲವನ್ನು ಇಟ್ಟಿರುವರು. ಆದರೆ ‘ಇನ್ನೇನು ಮುಗಿಯಿತು’ ಎಂದುಕೊಂಡವನ ಕೈಗೆ ಅದು ಎಂದಿಗೂ ಬಾರದು.

ಎರಡನೆಯ ಕೆಲಸವು ಉಸಿರಿನದು, ದೇಹದ್ದು. ಕಬಡ್ಡಿಯು ಭಾರತದ ಸ್ವಂತ ಆಸ್ತಿಯೆಂದು ನಾವೆಲ್ಲರೂ ನಂಬಿದ್ದೆವು. ಏಷ್ಯದ ಕ್ರೀಡಾಕೂಟಗಳಲ್ಲಿ 1990ರಿಂದ 2014ರವರೆಗೆ ಪುರುಷರ ಚಿನ್ನವು ಒಮ್ಮೆಯೂ ಕೈಬಿಟ್ಟಿರಲಿಲ್ಲ. 2018ರಲ್ಲಿ ಜಕಾರ್ತದಲ್ಲಿ ಇರಾನದವರು ನಮ್ಮ ಪುರುಷರನ್ನು 27-18ರಿಂದ, ಅಂತಿಮ ಪಂದ್ಯದಲ್ಲಿ ನಮ್ಮ ಸ್ತ್ರೀಯರನ್ನು 27-24ರಿಂದ ಸೋಲಿಸಿದರು. ಆ ಇರಾನಿ ಸ್ತ್ರೀಯರ ತಂಡಕ್ಕೆ ಗುರುಗಳಾಗಿದ್ದವರು ನಮ್ಮ ನೆರೆಯ ಮಹಾರಾಷ್ಟ್ರದ ನಾಸಿಕದ ಶ್ರೀಮತಿ ಶೈಲಜಾ ಜೈನರು! 2014ರಲ್ಲಿ ಭಾರತದ ಕೈಯಲ್ಲಿಯೇ ಅಂತಿಮ ಪಂದ್ಯವನ್ನು ಸೋತಿದ್ದ ತಂಡವದು. ಜೈನರು ಆ ಹುಡುಗಿಯರಿಗೆ ಯೋಗವನ್ನೂ ಪ್ರಾಣಾಯಾಮವನ್ನೂ ಅಭ್ಯಾಸ ಮಾಡಿಸಿದರು. ಅಷ್ಟೇ ಅಲ್ಲ, ಅವರೊಡನೆ ಮಾತನಾಡಲು ತಾವೇ ಫಾರಸಿ ಭಾಷೆಯನ್ನು ಕಲಿತರು. ಈ ಕಡೆಯ ಮಾತನ್ನು ವಾಚಕರು ಗಮನಿಸಬೇಕು. ಶಿಷ್ಯರು ನನ್ನ ಮಾತನ್ನು ತಿಳಿಯಲಿ ಎನ್ನುವವರು ಬಹಳ. ಶಿಷ್ಯರ ಮಾತನ್ನು ನಾನು ಕಲಿಯುವೆನು ಎನ್ನುವವರು ವಿರಳ. ನಮ್ಮ ಸೀಮೆಗೆ ಪರವೂರಿನಿಂದ ಬರುವ ಶಿಕ್ಷಕನಿಗೂ ಇದೇ ಪಾಠ. ಹುಡುಗನ ಮನೆಯಲ್ಲಿ ಏನು ಉಣ್ಣುವರು, ಅವನು ಎಷ್ಟು ಹೊತ್ತು ಹೊಲದಲ್ಲಿ ದುಡಿದು ಬರುವನು ಎಂಬದನ್ನು ತಿಳಿಯದೆ, ದಣಿದ ಮೈಗೆ ಮೈದಾನವನ್ನು ಹತ್ತು ಸುತ್ತು ಓಡುವ ಶಿಕ್ಷೆಯನ್ನು ವಿಧಿಸಿದರೆ ಉಸಿರು ಬೆಳೆಯದು, ದ್ವೇಷ ಬೆಳೆಯುವದು.

ಮೂರನೆಯ ಕೆಲಸವು ಎಲ್ಲಕ್ಕಿಂತ ಕಠಿಣವಾದುದು. ಅದು ಆಡುವವರಿಗೆ ಮಾತ್ರವಲ್ಲದೆ ಆಡಲಾರದವರಿಗೂ ತಂಡದಲ್ಲಿ ಜಾಗ ಕೊಡುವದು. ಇದಕ್ಕೆ ಕಡಲಾಚೆಯ ಒಂದು ಸಂಗತಿಯನ್ನು ಹೇಳುವೆವು. ಆಸ್ಟ್ರೇಲಿಯದಲ್ಲಿ ಅವರದೇ ಆದ ಒಂದು ಫುಟ್‌ಬಾಲ್ ಆಟವುಂಟು. ಮೊಟ್ಟೆಯಾಕಾರದ ಬಯಲು, ಕಡೆಗೆ ಹದಿನೆಂಟು ಮಂದಿ. ಮೆಲ್ಬರ್ನ್ ಪಟ್ಟಣದ ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ತಂಡವು 1954ರಲ್ಲಿ ಒಮ್ಮೆ ಗೆದ್ದುದು. ಆಮೇಲೆ ಆರು ದಶಕಗಳವರೆಗೆ ಬರಿಗೈ. 2014ರಲ್ಲಿ 18 ತಂಡಗಳಲ್ಲಿ 14ನೆಯದಾಯಿತು; ನಾಯಕನೂ ಬಿಟ್ಟುಹೋದನು, ಗುರುವೂ ಬಿಟ್ಟುಹೋದನು. ಆಗ ಲ್ಯೂಕ್ ಬೆವರಿಜ್ ಎಂಬವರು ಬಂದರು. ಎರಡನೆಯ ವರುಷಕ್ಕೆ, 2016ರಲ್ಲಿ, ತಂಡವು ಪ್ರಶಸ್ತಿಯನ್ನು ಗೆದ್ದಿತು. ಆ ವರುಷದ ನಾಯಕ ಬಾಬ್ ಮರ್ಫಿಯು ಋತುವಿನ ಆರಂಭದಲ್ಲಿಯೇ ಮೊಣಕಾಲು ಮುರಿದಂತಾಗಿ ಅಂತಿಮ ಪಂದ್ಯವನ್ನು ಹೊರಗೆ ಕುಳಿತು ನೋಡಬೇಕಾಗಿತ್ತು. ಬೆವರಿಜ್ಜರು ಗುರುವಿಗೆಂದು ತಮಗೆ ಕೊಟ್ಟ ಪದಕವನ್ನು ಎಲ್ಲರೆದುರಿನಲ್ಲಿ ಮರ್ಫಿಯ ಕೊರಳಿಗೆ ಹಾಕಿದರು. ಇಂಥ ಗುರುವಿನ ಕೈಕೆಳಗೆ ಆಡುವ ಹುಡುಗನು, ‘ನಾನು ಬಿದ್ದರೆ ನನ್ನನ್ನು ಮರೆಯುವರು’ ಎಂಬ ಭಯದಿಂದ ಆಡಬೇಕಾಗಿಲ್ಲ. ಆ ಭಯವು ಹೋದರೆ ಅರ್ಧ ದುಡುಕು ಹೋದಂತೆಯೇ.

ಇಷ್ಟು ಗುರುವಿನ ಧರ್ಮವಾಯಿತು. ಇನ್ನು ಗೃಹಸ್ಥರ ಧರ್ಮ. ರಮೇಶರು ಮೊದಲ ಮೂರು ಪಂದ್ಯಗಳನ್ನು ಸೋತ ದಿನವೇ ಬೆಂಗಳೂರಿನವರು ಅವರನ್ನು ಕಳುಹಿಸಿದ್ದರೆ ಮುಂದಿನ ಹನ್ನೊಂದು ಗೆಲುವುಗಳನ್ನು ಯಾರು ಕಾಣುತ್ತಿದ್ದರು? ನಮ್ಮ ಹಳ್ಳಿಗಳಲ್ಲಿ ಹೊಸಬನಿಗೆ ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯವರೆಗೂ ಕಾಲವನ್ನು ಕೊಡುವದಿಲ್ಲ. ತೊಗರಿಯನ್ನು ಬಿತ್ತಿದವನು ಆರು ತಿಂಗಳು ಕಾಯುವನು. ಮಗನ ವಿಷಯದಲ್ಲಿ ಆರು ವಾರ ಕಾಯಲಾರನು! ಒಂದು ಪೂರ್ಣ ವರುಷವನ್ನು ಕೊಡಿರಿ. ಅಷ್ಟರೊಳಗೆ ಅಂಕಗಳನ್ನು ಎಣಿಸುವದಕ್ಕಿಂತ ಹುಡುಗರು ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಹೋಗುವರೋ, ಬಿದ್ದವನನ್ನು ಇನ್ನೊಬ್ಬನು ಎಬ್ಬಿಸುವನೋ ನೋಡಿರಿ. ಪಂದ್ಯದ ಹೊತ್ತಿನಲ್ಲಿ ಗೆರೆಯ ಆಚೆ ನಿಂತು “ಹಿಡಿ, ಜಿಗಿ” ಎಂದು ಕೂಗಬೇಡಿರಿ; ಗುರುವು ಕಲಿಸಿದ ತಾಳ್ಮೆಯನ್ನು ಆ ಕೂಗು ಒಂದೇ ಕ್ಷಣದಲ್ಲಿ ಕೆಡಿಸುವದು. ಸೋತು ಬಂದ ರಾತ್ರಿ ಬೈಯದೆ, ಬಿಸಿಯಾದ ಜೋಳದ ರೊಟ್ಟಿ, ಮೇಲಿಷ್ಟು ಶೇಂಗಾದ ಹಿಂಡಿ ಬಡಿಸಿ ಮಲಗಲು ಬಿಡಿರಿ. ಹೆಣ್ಣುಮಕ್ಕಳು ಆಡುವೆವೆಂದರೆ ತಡೆಯಬೇಡಿರಿ. ಜಕಾರ್ತದಲ್ಲಿ ಗೆದ್ದವರೂ ಹೆಣ್ಣುಮಕ್ಕಳೇ, ಗೆಲ್ಲಿಸಿದವರೂ ಹೆಣ್ಣುಮಗಳೇ.

ಎಲ್ಲ ತಂಡಗಳೂ ಗೆಲ್ಲಲಾರವು. ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕು. ಆದರೆ ಸೋತ ಹುಡುಗನು ಮರುದಿನ ಬೆಳಿಗ್ಗೆ ಮತ್ತೆ ಅಂಕಣಕ್ಕೆ ಹೋಗುವನೇ, ಅಥವಾ ತಾನು ಯಾತಕ್ಕೂ ಬಾರದವನೆಂದು ಮೂಲೆ ಹಿಡಿಯುವನೇ ಎಂಬದು ಗುರುವಿನ ಮತ್ತು ಮನೆಯವರ ಕೈಯಲ್ಲಿದೆ. ಬರುವ ಜಾತ್ರೆಯಲ್ಲಿ ನಿಮ್ಮೂರಿನ ತಂಡವು ಸೋತರೆ, ಗೆದ್ದವರಿಗೆ ಚಪ್ಪಾಳೆ ತಟ್ಟಿದ ಮೇಲೆ ಆ ಸೋತ ಏಳು ಮಂದಿಯ ಬಳಿಗೂ, ಅವರ ಗುರುವಿನ ಬಳಿಗೂ ಹೋಗಿ, “ನಾಳೆ ಎಷ್ಟು ಹೊತ್ತಿಗೆ ಅಭ್ಯಾಸ?” ಎಂದು ಕೇಳಿರಿ.