ವೀಸಾಮುಕ್ತ ಪ್ರವೇಶ: ಹಕ್ಕೋ, ಅನುಗ್ರಹವೋ?

‘ವೀಸಾಮುಕ್ತ’ ಎಂಬ ಸಮಾಸಪದವು ಈಚೆಗೆ ನಮ್ಮ ಪತ್ರಿಕೆಗಳಲ್ಲಿ ಬಳಕೆಗೆ ಬಂದಿದೆ. ಋಣಮುಕ್ತ, ರೋಗಮುಕ್ತ, ಬಂಧಮುಕ್ತ ಎಂಬ ಪದಗಳ ಸಾಲಿನಲ್ಲಿ ಅದೂ ಸೇರಿಕೊಂಡಿರುವುದರಿಂದ, ವೀಸಾ ಇಲ್ಲವೆಂದ ಮಾತ್ರಕ್ಕೆ ಪ್ರಯಾಣಿಕನು ಸ್ವತಂತ್ರನಾದನೆಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಈ ಭಾವನೆ ಸರಿಯಲ್ಲ. ವೀಸಾ ಕೇಳದೆ ಒಳಗೆ ಬಿಡುವುದು ಆತಿಥೇಯ ದೇಶವು ತೋರುವ ಅನುಗ್ರಹವೇ ಹೊರತು ಅತಿಥಿಯು ಗಳಿಸಿದ ಹಕ್ಕಲ್ಲ. ಯುರೋಪಿನ ಸರ್ಬಿಯಾ ದೇಶವು ಭಾರತೀಯರ ವಿಷಯದಲ್ಲಿ ನಡೆದುಕೊಂಡ ರೀತಿ ಇದಕ್ಕೆ ಒಳ್ಳೆಯ ನಿದರ್ಶನ.

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಉಳ್ಳವರು 30 ದಿನಗಳವರೆಗೆ ವೀಸಾ ಇಲ್ಲದೆ ಬಂದು ಹೋಗಬಹುದೆಂದು ಸರ್ಬಿಯಾ 2017ರ ಸೆಪ್ಟೆಂಬರ್‌ನಲ್ಲಿ ಅವಕಾಶ ಕೊಟ್ಟಿತು. ಆದರೆ ವೀಸಾ ಬೇಡವೆಂದರೆ ದಾಖಲೆಗಳೇ ಬೇಡವೆಂದಲ್ಲ. ಮರಳಿ ಹೋಗುವ ಟಿಕೆಟ್, ತಂಗುವ ಸ್ಥಳದ ವಿವರ, ಖರ್ಚಿಗೆ ಸಾಲುವಷ್ಟು ಹಣವಿದೆ ಎಂಬುದಕ್ಕೆ ಪುರಾವೆ, ಇವೆಲ್ಲವನ್ನೂ ಗಡಿಯ ಅಧಿಕಾರಿ ಕೇಳಬಹುದು. ಒಳಗೆ ಹೋದ ಮೇಲೂ ವಿದೇಶೀಯನ ವಾಸ್ತವ್ಯದ ವಿಳಾಸವು 24 ಗಂಟೆಗಳೊಳಗೆ ಪೊಲೀಸರಲ್ಲಿ ದಾಖಲಾಗಬೇಕು. ಹೋಟೆಲಿನಲ್ಲಿ ಇಳಿದವರಿಗೆ ಹೋಟೆಲಿನವರೇ ಈ ಕೆಲಸ ಮಾಡಿಕೊಡುತ್ತಾರೆ. ಸ್ನೇಹಿತರ ಮನೆಯಲ್ಲಿ ಇಳಿದವರ ಪರವಾಗಿ ಮನೆಯವರು ಮಾಡಬೇಕು. ಅಂದರೆ ವೀಸಾ ಕಚೇರಿಯಲ್ಲಿ ಮುಂಚಿತವಾಗಿ ನಡೆಯಬೇಕಾದ ಪರೀಕ್ಷೆಯು ವಿಮಾನ ಇಳಿದ ಮೇಲೆ ನಡೆಯುತ್ತದೆ. ಅಲ್ಲಿ ಅನುತ್ತೀರ್ಣನಾದವನ ಪ್ರಯಾಣವೆಚ್ಚವೆಲ್ಲ ವ್ಯರ್ಥ.

ಇಂಥ ಅವಕಾಶವೂ ಐದು ವರ್ಷಕ್ಕೆ ಮುಗಿಯಿತು. 2023ರ ಜನವರಿ 1ರಿಂದ ಸರ್ಬಿಯಾ ಅದನ್ನು ಹಿಂತೆಗೆದುಕೊಂಡಿತು. ಕಾರಣವನ್ನು ಬೆಲ್‌ಗ್ರೇಡಿನಲ್ಲಿ ಹುಡುಕಿದರೆ ಸಾಲದು. ಸರ್ಬಿಯಾದ ಪ್ರಜೆಗಳು 2009ರ ಡಿಸೆಂಬರ್‌ನಿಂದ ಷೆಂಗೆನ್ ದೇಶಗಳಲ್ಲಿ, ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ, ವೀಸಾ ಇಲ್ಲದೆ ಇರಬಹುದು. ಹಲವು ದೇಶಗಳ ಜನ ವೀಸಾ ಇಲ್ಲದೆ ಬೆಲ್‌ಗ್ರೇಡಿಗೆ ಬಂದಿಳಿದು, ಅಲ್ಲಿಂದ ಕಳ್ಳದಾರಿಯಲ್ಲಿ ಐರೋಪ್ಯ ಒಕ್ಕೂಟದೊಳಗೆ ನುಸುಳುತ್ತಿದ್ದಾರೆಂದು ಒಕ್ಕೂಟವು ಸರ್ಬಿಯಾವನ್ನು ಒತ್ತಾಯಿಸಿತು. ಒಕ್ಕೂಟದ ಸದಸ್ಯತ್ವಕ್ಕಾಗಿ ಕಾದಿರುವ ಆ ದೇಶವು ತನ್ನವರಿಗೆ ತೆರೆದಿದ್ದ ಬಾಗಿಲನ್ನು ಉಳಿಸಿಕೊಳ್ಳಲು ನಮಗೆ ತೆರೆದಿದ್ದ ಬಾಗಿಲನ್ನು ಮುಚ್ಚಿತು. ಅನುಗ್ರಹ ಪಡೆದವನು ಮತ್ತೊಬ್ಬನಿಗೆ ಅನುಗ್ರಹ ತೋರುವಾಗ ತನ್ನ ಒಡೆಯನ ಮುಖ ನೋಡಬೇಕಾಗುತ್ತದೆ.

ಬಾಗಿಲು ಪೂರ್ತಿ ಮುಚ್ಚಿತೆಂದೂ ಹೇಳುವಂತಿಲ್ಲ. ಷೆಂಗೆನ್, ಬ್ರಿಟನ್ ಅಥವಾ ಅಮೆರಿಕದ ಊರ್ಜಿತ ವೀಸಾ ಇರುವ ಭಾರತೀಯನು ಸರ್ಬಿಯಾದ ವೀಸಾ ಇಲ್ಲದೆಯೇ 90 ದಿನಗಳವರೆಗೆ ಅಲ್ಲಿರಬಹುದೆಂಬ ನಿಯಮ ಆಮೇಲೂ ಉಳಿಯಿತು. ಒಬ್ಬನೇ ವ್ಯಕ್ತಿ, ಒಂದೇ ಪಾಸ್‌ಪೋರ್ಟ್. ಮೂರನೆಯವರ ಮುದ್ರೆ ಬಿದ್ದರೆ ವಿಶ್ವಾಸಾರ್ಹ, ಇಲ್ಲವಾದರೆ ಅನುಮಾನಾಸ್ಪದ. ವ್ಯಕ್ತಿಯನ್ನು ನೋಡುವ ಬದಲು ಅವನ ಕಾಗದಕ್ಕೆ ಜಾಮೀನು ನಿಂತವರನ್ನು ನೋಡುವ ಈ ಕ್ರಮದಲ್ಲಿ ಶ್ರೀಮಂತ ದೇಶಗಳ ವೀಸಾ ಪಡೆಯಬಲ್ಲ ಉಳ್ಳವನಿಗೆ ಎರಡು ಬಾಗಿಲು, ಇಲ್ಲದವನಿಗೆ ಒಂದೂ ಇಲ್ಲ.

ಯಾರು ಒಳಗೆ ಬರಬೇಕೆಂದು ತೀರ್ಮಾನಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಇದೆ; ಅದನ್ನು ನಿರಾಕರಿಸಲಾಗದು. ಭಾರತವೂ ನೇಪಾಳ, ಭೂತಾನ್, ಮಾಲ್ದೀವ್ಸ್ ಪ್ರಜೆಗಳನ್ನು ಬಿಟ್ಟರೆ ಉಳಿದವರಿಂದ ವೀಸಾ ಕೇಳುತ್ತದೆ. ಆದುದರಿಂದ ಗಡಿಗಳೇ ಇರಬಾರದೆಂಬ ಆದರ್ಶವನ್ನು ಇಲ್ಲಿ ಮುಂದಿಡುತ್ತಿಲ್ಲ. ಪ್ರಶ್ನೆಯಿರುವುದು, ತಡೆಯಲ್ಪಟ್ಟವನಿಗೆ ‘ಏಕೆ?’ ಎಂದು ಕೇಳುವ ಸ್ಥಾನ ಇದೆಯೇ ಎಂಬುದರಲ್ಲಿ.

ಈ ಪ್ರಶ್ನೆಯ ತೂಕ ಗಡಿನಾಡಿನವರಾದ ನಮಗೆ ತಿಳಿದಿದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಕಾಣದೆ ನಿಂತರು. ಆದರೂ ಅಲ್ಲೊಂದು ಆಸರೆಯಿತ್ತು. ಭಾರತದ ಎಲ್ಲೆಡೆ ಸಂಚರಿಸುವುದು ಸಂವಿಧಾನದ 19ನೆಯ ವಿಧಿಯಂತೆ ಪ್ರಜೆಯ ಹಕ್ಕು. ಜನರು ನ್ಯಾಯಾಲಯಕ್ಕೆ ಹೋದರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತಡೆ ತೆರವುಗೊಳಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. ಪರಿಹಾರ ತಡವಾಯಿತೆಂಬುದು ನಿಜ. ಆದರೆ ಕೇಳುವ ಬಾಯಿ ಇತ್ತು. ಸರ್ಬಿಯಾ ತನ್ನ ಸೌಲಭ್ಯವನ್ನು ಹಿಂತೆಗೆದುಕೊಂಡಾಗ ಭಾರತೀಯ ಪ್ರಯಾಣಿಕನು ಮೊರೆಯಿಡಲು ಯಾವ ನ್ಯಾಯಾಲಯವೂ ಇರಲಿಲ್ಲ. ಹಕ್ಕಿಗೂ ಅನುಗ್ರಹಕ್ಕೂ ಇರುವ ಅಂತರವೇ ಇದು.

ಈ ಅಂತರವನ್ನು ಕಿರಿದುಗೊಳಿಸುವ ದಾರಿ ಇಲ್ಲದಿಲ್ಲ. ಷೆಂಗೆನ್ ನಿಯಮಗಳ ಪ್ರಕಾರ ವೀಸಾ ನಿರಾಕರಿಸಿದಾಗಲೂ, ಗಡಿಯಿಂದ ಹಿಂದಕ್ಕೆ ಕಳುಹಿಸಿದಾಗಲೂ ಕಾರಣವನ್ನು ಲಿಖಿತವಾಗಿ ಕೊಡಬೇಕು; ಮೇಲ್ಮನವಿಗೆ ಅವಕಾಶವಿರಬೇಕು. ಶುಲ್ಕ, ಭಾಷೆ, ದೂರ ಇವೆಲ್ಲ ಅಡ್ಡಿಗಳೇ ಆದರೂ, ಕಾರಣ ಕೊಡಬೇಕಾದ ಅಧಿಕಾರಿಯು ಅನುಗ್ರಹದಾತನ ಆಸನದಿಂದ ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ರಾಷ್ಟ್ರಗಳ ನಡುವಣ ಒಪ್ಪಂದಗಳಲ್ಲಿ ನಾವು ಬಯಸಬೇಕಾದದ್ದು ವೀಸಾಮುಕ್ತ ದೇಶಗಳ ಸಂಖ್ಯೆ ಏರುವುದನ್ನಷ್ಟೇ ಅಲ್ಲ, ಈ ಲಿಖಿತ ಕಾರಣವನ್ನು ಮತ್ತು ಮೇಲ್ಮನವಿಯನ್ನು.

ಪದದ ಅರ್ಥವನ್ನು ಅದರ ಪ್ರಯೋಗದಲ್ಲಿ ಹುಡುಕಬೇಕೆಂಬುದು ಐಚ್ಛಿಕ ಕನ್ನಡದ ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲೊಂದು. ‘ವೀಸಾಮುಕ್ತ’ ಎಂಬ ಪದ ಕಣ್ಣಿಗೆ ಬಿದ್ದಾಗ ಎಷ್ಟು ದಿನಕ್ಕೆ, ಯಾವ ಷರತ್ತಿನ ಮೇಲೆ, ಯಾರ ಇಚ್ಛೆಯಿಂದ ಎಂದು ಕೇಳೋಣ. ಈ ಮೂರಕ್ಕೂ ಉತ್ತರ ದೊರೆತ ಮೇಲೆ ಮುಕ್ತನಾದವನು ಯಾರೆಂದು ತೀರ್ಮಾನಿಸಬಹುದು.