ಕೂದಲೆಳೆಗಿಂತ ಕಿರಿದಾದ ಸಂದು

ಹಳೆಯ ಅಂಬಾಸಡರ್ ಕಾರನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದಿರುವ ಕುಟುಂಬಗಳು ಇಂದಿಗೂ ಉಂಟು. ಉತ್ತರಪಾಡಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋಯಿತು. ಸವೆದ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಿಸುವುದೊಂದೇ ಈಗ ಅವರ ದಾರಿ. ಸಿಲಿಂಡರುಗಳನ್ನು ಬೋರ್ ಮಾಡಿಸುತ್ತಾರೆ; ಪಿಸ್ಟನ್, ರಿಂಗು, ಕ್ರ್ಯಾಂಕ್‌ಷಾಫ್ಟಿನ ಬೇರಿಂಗು ಎಲ್ಲವೂ ಹೊಸದಾಗುತ್ತವೆ. ಇಷ್ಟು ಹಣ ಸುರಿದ ಮೇಲೂ ಕೆಲವು ಗಾಡಿಗಳಲ್ಲಿ ಎಂಜಿನ್ ಕಾದೊಡನೆ ಎಣ್ಣೆಯ ಒತ್ತಡ ಕುಸಿಯುತ್ತದೆ. ಯಜಮಾನರು ಪಂಪನ್ನು ಶಂಕಿಸುತ್ತಾರೆ, ಎಣ್ಣೆಯನ್ನು ಶಂಕಿಸುತ್ತಾರೆ, ಕೊನೆಗೆ ಮೆಕ್ಯಾನಿಕನನ್ನೇ ಶಂಕಿಸುತ್ತಾರೆ. ಕ್ಯಾಮ್‌ಷಾಫ್ಟಿನ ಬೇರಿಂಗುಗಳತ್ತ ಮಾತ್ರ ಯಾರ ಗಮನವೂ ಹರಿಯುವುದಿಲ್ಲ.

ವಾಲ್ವುಗಳನ್ನು ಕಾಲಕಾಲಕ್ಕೆ ತೆರೆಸುವ ದಂಡವೇ ಕ್ಯಾಮ್‌ಷಾಫ್ಟು. ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆ ರೂಪಿಸಿದ, ಅಂಬಾಸಡರಿನಲ್ಲಿ ಬಹುಕಾಲ ದುಡಿದ ೧೪೮೯ ಸಿ.ಸಿ. ಎಂಜಿನ್ನಿನಲ್ಲಿ ಅದು ಬ್ಲಾಕಿನೊಳಗೆ ಮೂರು ಬುಷ್‌ಗಳ ಮೇಲೆ ತಿರುಗುತ್ತದೆ. ದಂಡಕ್ಕೂ ಬುಷ್‌ಗೂ ನಡುವೆ ಇರಬೇಕಾದ ಸಂದು ಅಂಗುಲದ ಸಾವಿರದಲ್ಲಿ ಒಂದರಿಂದ ಎರಡು ಭಾಗ, ಎಂದರೆ ಸುಮಾರು ೦.೦೨೫ರಿಂದ ೦.೦೫ ಮಿಲಿಮೀಟರು. ಸಾಧಾರಣ ತಲೆಗೂದಲಿನ ದಪ್ಪ ಇದಕ್ಕಿಂತ ಹೆಚ್ಚು! ಸಂದು ಹಿಗ್ಗಿದರೆ ಎಣ್ಣೆ ಅಲ್ಲಿಯೇ ಸೋರಿಹೋಗಿ ಒತ್ತಡ ನಿಲ್ಲದು. ಕುಗ್ಗಿದರೆ ಎಣ್ಣೆಯ ಪೊರೆಗೆ ಎಡೆಯಿಲ್ಲದೆ ಲೋಹ ಲೋಹವನ್ನು ಉಜ್ಜುತ್ತದೆ.

ಕ್ರ್ಯಾಂಕ್‌ಷಾಫ್ಟಿನ ಬೇರಿಂಗು ಎರಡು ಹೋಳಾದುದರಿಂದ ನಡುವೆ ಪ್ಲಾಸ್ಟಿಕ್ ಎಳೆಯನ್ನಿಟ್ಟು ಒತ್ತಿ ಸಂದನ್ನು ತಿಳಿಯಬಹುದು. ಕ್ಯಾಮ್‌ಷಾಫ್ಟಿನ ಬುಷ್ ಇಡಿಯಾದ ಬಳೆ. ಆ ಉಪಾಯ ಇಲ್ಲಿ ನಡೆಯದು. ದಂಡದ ಹೊರ ಅಳತೆಯನ್ನು ಮೈಕ್ರೋಮೀಟರಿನಿಂದಲೂ ಬುಷ್‌ನ ಒಳ ಅಳತೆಯನ್ನು ಒಳಗೇಜಿನಿಂದಲೂ ಹಿಡಿದು ಒಂದರಿಂದ ಒಂದನ್ನು ಕಳೆಯಬೇಕು. ವಾಲ್ವಿನ ಸ್ಪ್ರಿಂಗುಗಳು ದಂಡವನ್ನು ಸದಾ ಕೆಳಕ್ಕೆ ಒತ್ತುವುದರಿಂದ ಬುಷ್ ಅಡಿಯಲ್ಲಿ ಹೆಚ್ಚು ಸವೆಯುತ್ತದೆ. ಆದ್ದರಿಂದ ಅಡ್ಡಲಾಗಿ ಒಮ್ಮೆ, ನಿಲುವಾಗಿ ಒಮ್ಮೆ ಅಳೆಯಲೇಬೇಕು. ಇನ್ನೊಂದು ಮಾತು: ಬಿಸಿಲಿನಲ್ಲಿಟ್ಟ ಬ್ಲಾಕನ್ನು ತಂದು ನೆರಳಿನಲ್ಲಿದ್ದ ದಂಡದೊಡನೆ ಹೋಲಿಸಬಾರದು. ಇಪ್ಪತ್ತು ಡಿಗ್ರಿಯ ವ್ಯತ್ಯಾಸವಿದ್ದರೂ ಆ ರಂಧ್ರ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಅದು ಅಲ್ಪವಲ್ಲ.

ಹೊಸ ಬುಷ್ ಹಾಕುವುದೇ ಆದರೆ ಪೊಟ್ಟಣದಲ್ಲಿರುವಾಗಿನ ಅಳತೆಯನ್ನು ನಂಬಿ ಫಲವಿಲ್ಲ. ಬಿಗಿಯಾಗಿ ಒತ್ತಿ ಕೂರಿಸಿದಾಗ ಅದು ಒಳಕ್ಕೆ ಕುಗ್ಗುತ್ತದೆ. ಮೂರನ್ನೂ ಸ್ಥಾನದಲ್ಲಿ ಕೂರಿಸಿದ ಮೇಲೆ ಒಂದೇ ನೇರದಲ್ಲಿ ರೀಮರ್ ಹಾಯಿಸಿ ಅಳತೆಗೆ ತರಬೇಕು. ಅದಕ್ಕೆ ಮೊದಲು ಬುಷ್‌ನ ಎಣ್ಣೆರಂಧ್ರ ಬ್ಲಾಕಿನ ರಂಧ್ರಕ್ಕೆ ಸರಿಯಾಗಿ ಹೊಂದಿದೆಯೇ ಎಂಬುದನ್ನು ತಂತಿ ತೂರಿಸಿ ನೋಡುವುದು ಅಗತ್ಯ. ಇದನ್ನು ಮರೆತು ಎಣ್ಣೆಯ ದಾರಿಯನ್ನೇ ಮುಚ್ಚಿಬಿಟ್ಟವರಿದ್ದಾರೆ. ಬಳಿಕ ಲೋಹದ ಪುಡಿಯೆಲ್ಲ ಹೋಗುವಂತೆ ಎಣ್ಣೆಯ ಕಾಲುವೆಗಳನ್ನು ತೊಳೆದು, ಎಣ್ಣೆ ಸವರಿದ ದಂಡವನ್ನೊಂದನ್ನೇ ಒಳಗಿಟ್ಟು ತಿರುಗಿಸಬೇಕು. ಬೆರಳುಗಳಿಂದಲೇ ಸಲೀಸಾಗಿ ಸುತ್ತದಿದ್ದರೆ ಮೂರು ಬುಷ್‌ಗಳು ಒಂದೇ ನೇರದಲ್ಲಿಲ್ಲವೆಂದೇ ಶಂಕಿಸಬೇಕು.

ಈ ಅಳತೆಗೆ ತಗಲುವುದು ಅರ್ಧ ದಿನಕ್ಕಿಂತಲೂ ಕಡಿಮೆ ಕಾಲ. ಎಂಜಿನ್ನನ್ನು ಮುಚ್ಚುವ ಮೊದಲೇ ಮೂರು ಬುಷ್‌ಗಳ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡುವಂತೆ ಯಜಮಾನರು ಮೆಕ್ಯಾನಿಕನನ್ನು ಕೇಳಬಹುದು. ಕೆಲಸ ಬಲ್ಲವನು ಅದಕ್ಕೆ ಮುನಿಯುವುದಿಲ್ಲ.